ಪಟ್ಟದಾನೆ ಹಾಕಿದ ಮಾಲೆ

ರಾಜ ಸತ್ತು, ಪಟ್ಟಕ್ಕೆ ವಾರಸುದಾರರಿಲ್ಲದ ಊರಿನಲ್ಲಿ ಪಟ್ಟದಾನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಬೀದಿಗೆ ಬಿಡುವ ಕಥೆ ನಮಗೆಲ್ಲ ಗೊತ್ತು. ಆನೆ ಯಾರ ಕೊರಳಿಗೆ ಮಾಲೆ ಹಾಕಿತೋ ಅವನೇ ರಾಜ. ಛತ್ರದ ಜಗಲಿಯಲ್ಲಿ ಮಲಗಿದ್ದ ಬಡ ದಾರಿಹೋಕ ಬೆಳಗಾಗುವುದರೊಳಗೆ ಸಿಂಹಾಸನದಲ್ಲಿ ಕೂತಿರುತ್ತಾನೆ. ಕಥೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಅವನ ಆಳ್ವಿಕೆ ಹೇಗೆ ನಡೆಯಿತು, ಆನೆ ಸತ್ತ ಮೇಲೆ ಅವನ ಗತಿ ಏನಾಯಿತು ಎಂಬುದನ್ನು ಯಾವ ಅಜ್ಜಿಯೂ ಹೇಳುವುದಿಲ್ಲ.

ಇಪ್ಪತ್ತನೆಯ ಶತಮಾನದ ಚೀನಾದಲ್ಲಿ ಈ ಕಥೆ ಹೆಚ್ಚುಕಡಿಮೆ ನಿಜವಾಗಿಯೇ ನಡೆಯಿತು. ಕಥಾನಾಯಕನ ಹೆಸರು ವಾಂಗ್ ಹಾಂಗ್‌ವೆನ್. 1966ರ ಆರಂಭದಲ್ಲಿ ಆತ ಶಾಂಘೈನ ಬಟ್ಟೆ ಗಿರಣಿಯೊಂದರ ಭದ್ರತಾ ವಿಭಾಗದ ಸಾಮಾನ್ಯ ನೌಕರ. 1973ರ ಆಗಸ್ಟ್ ಹೊತ್ತಿಗೆ ಚೀನಾ ಕಮ್ಯುನಿಸ್ಟ್ ಪಕ್ಷದ ಉಪಾಧ್ಯಕ್ಷ. ಅಧ್ಯಕ್ಷ ಮಾವೊ, ಪ್ರಧಾನಿ ಚೌ ಎನ್‌ಲೈ ಇವರಿಬ್ಬರನ್ನು ಬಿಟ್ಟರೆ ಪಕ್ಷದಲ್ಲಿ ಮೂರನೆಯ ಸ್ಥಾನ. ಆಗ ಆತನಿಗಿನ್ನೂ 38 ತುಂಬಿರಲಿಲ್ಲ. ಮತ್ತೆ ಮೂರು ವರ್ಷಕ್ಕೆ ಆತ ಕೈದಿ. ಮಾವೊನ ಪತ್ನಿ ಜಿಯಾಂಗ್ ಚಿಂಗ್, ಜಾಂಗ್ ಚುನ್‌ಚಿಯಾವೊ ಮತ್ತು ಯಾವೊ ವೆನ್‌ಯುವಾನ್ ಜೊತೆಗೆ ಕುಪ್ರಸಿದ್ಧ 'ನಾಲ್ವರ ಕೂಟ'ದ ಅತ್ಯಂತ ಕಿರಿಯ ಸದಸ್ಯನೆಂದು ಆತನನ್ನು ಇತಿಹಾಸ ಗುರುತಿಸುತ್ತದೆ.

ಆ ನಾಲ್ವರಲ್ಲಿ ಜಿಯಾಂಗ್ ಚಿಂಗ್ ಹಿಂದೆ ಸಿನಿಮಾ ನಟಿ, ಉಳಿದಿಬ್ಬರು ಬರಹಗಾರರು. ಕಾರ್ಖಾನೆಯಿಂದ ಬಂದವನು ವಾಂಗ್ ಒಬ್ಬನೇ. ಆದ್ದರಿಂದ ಆತನ ಏಳುಬೀಳಿನಲ್ಲಿ ಒಬ್ಬ ವ್ಯಕ್ತಿಯ ಅದೃಷ್ಟ, ದುರದೃಷ್ಟಗಳಿಗಿಂತ ದೊಡ್ಡ ಪ್ರಶ್ನೆಯೊಂದು ಅಡಗಿದೆ. ಕಾರ್ಮಿಕರ ಹೆಸರಿನಲ್ಲಿ ಆಳುತ್ತಿದ್ದ ಪಕ್ಷವೊಂದು ಕಾರ್ಮಿಕನೊಬ್ಬನನ್ನು ಅಧಿಕಾರದ ಶಿಖರಕ್ಕೆ ಒಯ್ದಿತು. ಹಾಗೆ ಒಯ್ದುದರಿಂದ ಕಾರ್ಮಿಕರಿಗೆ ಸಿಕ್ಕಿದ್ದೇನು?

ಗಿರಣಿಯ ಗೋಡೆಯಿಂದ

ವಾಂಗ್ ಹುಟ್ಟಿದ್ದು 1935ರಲ್ಲಿ, ಈಶಾನ್ಯ ಚೀನಾದ ಚಾಂಗ್‌ಚುನ್ ಪ್ರದೇಶದ ಬಡ ರೈತ ಕುಟುಂಬದಲ್ಲಿ. ಆ ಸೀಮೆ ಆಗ ಜಪಾನೀಯರ ಹಿಡಿತದಲ್ಲಿತ್ತು. ಹದಿಹರೆಯದಲ್ಲೇ ಸೇನೆ ಸೇರಿದ ಆತ ಕೊರಿಯಾ ಯುದ್ಧಕ್ಕೆ ಹೋಗಿಬಂದ. ಪಕ್ಷದ ಸದಸ್ಯನೂ ಆದ. 1956ರಲ್ಲಿ ಸೇನೆಯಿಂದ ಬಿಡುಗಡೆಯಾದಾಗ ಶಾಂಘೈನ 17ನೇ ಸರ್ಕಾರಿ ಹತ್ತಿಗಿರಣಿಯಲ್ಲಿ ಕೆಲಸ ಸಿಕ್ಕಿತು. ಯಾಂಗ್‌ಶುಪು ರಸ್ತೆಯ ಈ ಗಿರಣಿಯನ್ನು 1920ರ ದಶಕದಲ್ಲಿ ಕಟ್ಟಿದವರು ಜಪಾನಿ ಬಂಡವಾಳಗಾರರು. ರೈತನ ಮಗ, ಸೈನಿಕ, ಕಾರ್ಮಿಕ ಎಂಬ ಈ ಮೂರು ಗುರುತುಗಳು ಒಬ್ಬನಲ್ಲೇ ಸೇರಿದ್ದವು. ಮುಂದೆ ಮಾವೊನ ಕಣ್ಣು ಆತನ ಮೇಲೆ ಬೀಳಲು ಇದೇ ಮುಖ್ಯ ಕಾರಣವಾಯಿತು.

1966ರಲ್ಲಿ ಮಾವೊ 'ಸಾಂಸ್ಕೃತಿಕ ಕ್ರಾಂತಿ'ಗೆ ಕರೆಕೊಟ್ಟ. ಪಕ್ಷದೊಳಗೇ ಬಂಡವಾಳಶಾಹಿ ದಾರಿ ಹಿಡಿದವರಿದ್ದಾರೆ, ಅವರ ವಿರುದ್ಧ ಜನ ದಂಗೆಯೇಳಬೇಕು ಎಂಬುದು ಆ ಕರೆಯ ಸಾರ. ಮೊದಲು ಎದ್ದವರು ವಿದ್ಯಾರ್ಥಿಗಳು. ಆದರೆ ಜೂನ್ ತಿಂಗಳಲ್ಲೇ 17ನೇ ಗಿರಣಿಯ ಗೋಡೆಯ ಮೇಲೂ ದೊಡ್ಡಕ್ಷರದ ಭಿತ್ತಿಪತ್ರವೊಂದು ಕಾಣಿಸಿಕೊಂಡಿತು. ಗಿರಣಿಯ ಪಕ್ಷ ಸಮಿತಿಯನ್ನೇ ಟೀಕಿಸಿದ ಆ ಪತ್ರಕ್ಕೆ ಸಹಿ ಹಾಕಿದವರಲ್ಲಿ ವಾಂಗ್ ಪ್ರಮುಖ.

ಸಮಾಜವಾದಿ ದೇಶದ ಕಾರ್ಮಿಕರಿಗೆ ದೂರುಗಳೇನಿದ್ದಾವು ಎಂದು ಓದುಗರು ಕೇಳಬಹುದು. ದೂರುಗಳು ಬಹಳವಿದ್ದವು. ಖಾಯಂ ನೌಕರರಿಗೆ ಮನೆ, ಔಷಧೋಪಚಾರ, ನಿವೃತ್ತಿ ವೇತನ ಎಲ್ಲ ಇತ್ತು. ಅದೇ ಯಂತ್ರದ ಪಕ್ಕದಲ್ಲಿ ನಿಂತು ಅದೇ ಕೆಲಸ ಮಾಡುವ ಹಂಗಾಮಿ ಮತ್ತು ಗುತ್ತಿಗೆ ಕಾರ್ಮಿಕರಿಗೆ ಇವ್ಯಾವುವೂ ಇರಲಿಲ್ಲ; ಬೇಡವೆಂದ ದಿನ ಹಳ್ಳಿಗೆ ಹಿಂತಿರುಗಬೇಕಿತ್ತು. ವರ್ಷಗಟ್ಟಲೆ ಕೂಲಿ ಏರಿರಲಿಲ್ಲ. ಮೇಲಿನವರನ್ನು ಪ್ರಶ್ನಿಸಿದವರ ಹೆಸರು ಕಡತದಲ್ಲಿ ಸೇರಿದರೆ ಅದು ಜೀವನವಿಡೀ ಬೆನ್ನಟ್ಟುತ್ತಿತ್ತು. ಮಾವೊನ ಕರೆ ಈ ಒಣಹುಲ್ಲಿಗೆ ಬಿದ್ದ ಕಿಡಿಯಾಯಿತು.

ಹಳಿಗಳ ಮೇಲೆ ಮೂವತ್ತು ಗಂಟೆ

1966ರ ನವೆಂಬರ್ 9ರಂದು ಬೇರೆ ಬೇರೆ ಕಾರ್ಖಾನೆಗಳ ಬಂಡುಕೋರರು ಸೇರಿ ಶಾಂಘೈನಲ್ಲಿ 'ಕಾರ್ಮಿಕರ ಕ್ರಾಂತಿಕಾರಿ ಬಂಡಾಯದ ಪ್ರಧಾನ ಕಚೇರಿ' ಎಂಬ ಸಂಘಟನೆಯನ್ನು ಸ್ಥಾಪಿಸಿದರು. ವಾಂಗ್ ಅದರ ಮುಂದಾಳು. ಪಕ್ಷದ ಅಂಕೆಗೆ ಹೊರಗೆ ಕಾರ್ಮಿಕರು ತಾವಾಗಿ ಸಂಘ ಕಟ್ಟುವುದು ಆ ದೇಶದಲ್ಲಿ ಊಹೆಗೂ ಮೀರಿದ ಸಂಗತಿ. ನಗರದ ಮೇಯರ್ ಕಾವೊ ದಿಚಿಯು ಮಾನ್ಯತೆ ಕೊಡಲು ಒಪ್ಪಲಿಲ್ಲ.

ಹಾಗಾದರೆ ಮಾವೊನಿಗೇ ಹೇಳೋಣ ಎಂದು ಮಾರನೆಯ ಮುಂಜಾನೆ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀಜಿಂಗ್ ಕಡೆಗೆ ರೈಲು ಹತ್ತಿದರು. ನಗರದ ಹೊರವಲಯದ ಆಂಟಿಂಗ್ ಎಂಬ ಸಣ್ಣ ನಿಲ್ದಾಣದಲ್ಲಿ ಅಧಿಕಾರಿಗಳು ರೈಲನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸಿದರು. ಅನ್ನವಿಲ್ಲ, ನೀರಿಲ್ಲ, ಚಳಿ ಬೇರೆ. ರೊಚ್ಚಿಗೆದ್ದ ಕಾರ್ಮಿಕರು ಹಳಿಗಳ ಮೇಲೆ ಕುಳಿತರು. ಶಾಂಘೈ ಮತ್ತು ನಾನ್‌ಜಿಂಗ್ ನಡುವಿನ ರೈಲು ಸಂಚಾರ ಮೂವತ್ತು ಗಂಟೆಗೂ ಹೆಚ್ಚು ಕಾಲ ಸ್ತಬ್ಧವಾಯಿತು.

ಸಂಧಾನಕ್ಕೆಂದು ಬೀಜಿಂಗ್‌ನಿಂದ ವಿಮಾನದಲ್ಲಿ ಬಂದವನು ಜಾಂಗ್ ಚುನ್‌ಚಿಯಾವೊ. ಆತ ಮಾತು ಕಡಿಮೆಯ, ಲೆಕ್ಕಾಚಾರದ ಮನುಷ್ಯ. ಕಾರ್ಮಿಕರನ್ನು ಗದರಿಸಿ ಹಿಂದಕ್ಕೆ ಕಳಿಸುವ ಬದಲು, ಸ್ಥಳೀಯ ಪಕ್ಷದ ನಾಯಕರನ್ನು ಲೆಕ್ಕಿಸದೆ ಅವರ ಬೇಡಿಕೆಗಳಿಗೆ ನವೆಂಬರ್ 13ರಂದು ಸಹಿ ಹಾಕಿಬಿಟ್ಟ. ಮಾವೊ ಅದನ್ನು ಅನುಮೋದಿಸಿದ. ಅಂದಿನಿಂದ ಜಾಂಗ್ ಗುರು, ವಾಂಗ್ ಶಿಷ್ಯ. ಹಳಿ ತಡೆದವರಿಗೆ ಗೆಲುವು ಸಿಕ್ಕಿತೆಂಬುದು ನಿಜ. ಆದರೆ ಆ ಗೆಲುವಿಗೆ ಬೀಜಿಂಗ್‌ನ ಸಹಿ ಬೇಕಾಯಿತು ಎಂಬುದನ್ನೂ ಇಲ್ಲಿ ಗಮನಿಸಬೇಕು.

ಮೂರು ವಾರ ಬಾಳದ ಕಮ್ಯೂನ್

ಡಿಸೆಂಬರ್ ಕೊನೆಗೆ ಪಕ್ಷದ ಪರವಾಗಿದ್ದ 'ಕೆಂಪು ರಕ್ಷಕ ದಳ'ದ ಕಾರ್ಮಿಕರಿಗೂ ಬಂಡುಕೋರರಿಗೂ ಬೀದಿ ಕಾಳಗವಾಯಿತು. ಕಾರ್ಮಿಕರ ವಿರುದ್ಧ ಕಾರ್ಮಿಕರೇ ನಿಂತಿದ್ದರು. ಜನವರಿ ಮೊದಲ ವಾರದಲ್ಲಿ ನಗರದ ಎರಡು ಪ್ರಮುಖ ದಿನಪತ್ರಿಕೆಗಳು ಬಂಡುಕೋರರ ವಶವಾದವು. ಜನವರಿ 6ರ ಬೃಹತ್ ಸಭೆಯಲ್ಲಿ ಪಕ್ಷದ ಕಾರ್ಯದರ್ಶಿ ಚೆನ್ ಪಿಶಿಯಾನ್ ಮತ್ತು ಮೇಯರ್ ಕಾವೊ ದಿಚಿಯು ಅವರನ್ನು ಜನರ ಮುಂದೆ ನಿಲ್ಲಿಸಿ ಅವಮಾನಿಸಲಾಯಿತು. ಇದೇ ಚೀನಾದ ಇತಿಹಾಸದಲ್ಲಿ 'ಜನವರಿ ಬಿರುಗಾಳಿ' ಎಂದು ಹೆಸರಾಗಿದೆ.

1967ರ ಫೆಬ್ರವರಿ 5ರಂದು, 1871ರ ಪ್ಯಾರಿಸ್ ಕಮ್ಯೂನಿನ ನೆನಪಿನಲ್ಲಿ 'ಶಾಂಘೈ ಜನತಾ ಕಮ್ಯೂನ್' ಘೋಷಣೆಯಾಯಿತು. ಅಧಿಕಾರಿಗಳನ್ನು ಜನರೇ ಆರಿಸುವುದು, ಬೇಡವಾದರೆ ಜನರೇ ಇಳಿಸುವುದು ಪ್ಯಾರಿಸ್‌ನ ಆದರ್ಶವಾಗಿತ್ತು. ಆದರೆ ಮಾವೊ ಹಿಂಜರಿದ. ಎಲ್ಲ ಊರುಗಳೂ ಕಮ್ಯೂನ್ ಆದರೆ ದೇಶದ ಹೆಸರನ್ನೇ ಬದಲಿಸಬೇಕಾಗುತ್ತದೆ, ಪಕ್ಷದ ಗತಿ ಏನು ಎಂದು ಜಾಂಗ್ ಮತ್ತು ಯಾವೊ ಅವರನ್ನು ಕರೆಸಿ ಕೇಳಿದ. ಮೂರು ವಾರ ತುಂಬುವುದರೊಳಗೆ ಕಮ್ಯೂನಿನ ಫಲಕ ಇಳಿದು 'ಕ್ರಾಂತಿಕಾರಿ ಸಮಿತಿ'ಯ ಫಲಕ ಏರಿತು. ಅದರಲ್ಲಿ ಸೇನೆಗೂ ಹಳೆಯ ಅಧಿಕಾರಿಗಳಿಗೂ ಪಾಲು. ಜಾಂಗ್ ಅಧ್ಯಕ್ಷ, ವಾಂಗ್ ಉಪಾಧ್ಯಕ್ಷರಲ್ಲೊಬ್ಬನಾದ.

ಕೂಲಿ ಹೆಚ್ಚಿಸಿ, ನಮ್ಮನ್ನು ಖಾಯಂ ಮಾಡಿ ಎಂದು ಬೀದಿಗಿಳಿದಿದ್ದ ಹಂಗಾಮಿ ಕಾರ್ಮಿಕರ ಗತಿ ಏನಾಯಿತು? ಅಂಥ ಬೇಡಿಕೆಗಳು 'ಆರ್ಥಿಕವಾದ'ವೆಂಬ ದುಷ್ಟ ಪ್ರವೃತ್ತಿ, ಕ್ರಾಂತಿಯ ದಾರಿ ತಪ್ಪಿಸುವ ಸಂಚು ಎಂದು ಬಂಡುಕೋರ ಸಂಘಟನೆಗಳೇ ಜನವರಿಯಲ್ಲಿ ಪತ್ರಿಕಾ ಪ್ರಕಟಣೆ ಕೊಟ್ಟವು. ಮಾವೊ ಅದನ್ನು ಮೆಚ್ಚಿಕೊಂಡ. ಫೆಬ್ರವರಿಯಲ್ಲಿ ಹಂಗಾಮಿ ಕಾರ್ಮಿಕರ ಸ್ವತಂತ್ರ ಸಂಘಟನೆಯನ್ನು ವಿಸರ್ಜಿಸುವಂತೆ ಕೇಂದ್ರದ ಆದೇಶ ಹೊರಟಿತು. ಹಳಿಯ ಮೇಲೆ ಕುಳಿತವರಲ್ಲಿ ಕೆಲವರು ಕಚೇರಿಯ ಕುರ್ಚಿಗೇರಿದರು. ಉಳಿದವರು ತಮ್ಮ ತಮ್ಮ ಪಾಳಿಗೆ ಹಿಂತಿರುಗಿದರು.

ಕುರ್ಚಿ ಸಿಕ್ಕ ಮೇಲೆ ಬಂಡಾಯಗಾರ ಬಂಡಾಯವನ್ನು ಸಹಿಸಲಿಲ್ಲ. 1967ರ ಆಗಸ್ಟ್ 4ರಂದು, ಎದುರಾಳಿ ಬಣದ ಕೋಟೆಯಂತಿದ್ದ ಶಾಂಘೈ ಡೀಸೆಲ್ ಎಂಜಿನ್ ಕಾರ್ಖಾನೆಯ ಮೇಲೆ ವಾಂಗ್ ನೇತೃತ್ವದಲ್ಲಿ ಭಾರೀ ದಾಳಿ ನಡೆಯಿತು. ನೂರಾರು ಮಂದಿ ಗಾಯಗೊಂಡರು. ಅಲ್ಲಿಗೆ ನಗರದಲ್ಲಿ ಪ್ರತಿಭಟನೆಯ ಸದ್ದಡಗಿತು. ವಾಂಗ್‌ನನ್ನು ಬರಿಯ ದಾಳವೆಂದು ಕರುಣೆಯಿಂದ ನೋಡುವವರು ಈ ದಿನವನ್ನು ಮರೆಯಬಾರದು.

ಹೆಲಿಕಾಪ್ಟರ್ ಏರಿದವ

1969ರ ಒಂಬತ್ತನೇ ಮಹಾಧಿವೇಶನದಲ್ಲಿ ವಾಂಗ್ ಪಕ್ಷದ ಕೇಂದ್ರ ಸಮಿತಿ ಸೇರಿದ. ಆಗ ಮಾವೊನ ಉತ್ತರಾಧಿಕಾರಿಯೆಂದು ಪಕ್ಷದ ಸಂವಿಧಾನದಲ್ಲೇ ಹೆಸರಿಸಲಾಗಿದ್ದವನು ಸೇನಾನಿ ಲಿನ್ ಬಿಯಾವೊ. 1971ರ ಸೆಪ್ಟೆಂಬರ್ 13ರಂದು ದೇಶ ಬಿಟ್ಟು ಹೊರಟ ಲಿನ್‌ನ ವಿಮಾನ ಮಂಗೋಲಿಯಾದಲ್ಲಿ ಬಿದ್ದು ಆತ ಸತ್ತ. ಉತ್ತರಾಧಿಕಾರಿಯ ಜಾಗ ಬರಿದಾಯಿತು. ಚೌ ಎನ್‌ಲೈಗೆ ಕ್ಯಾನ್ಸರ್. ಮಾವೊಗೆ ಎಂಬತ್ತು ಸಮೀಪಿಸುತ್ತಿತ್ತು. ನಮ್ಮ ಕಥೆಯ ಪಟ್ಟದಾನೆ ಹೊರಟಿದ್ದು ಆಗ.

1972ರ ಸೆಪ್ಟೆಂಬರ್‌ನಲ್ಲಿ ವಾಂಗ್‌ಗೆ ಬೀಜಿಂಗ್‌ನಿಂದ ಕರೆ ಬಂತು. ವರ್ಷ ಕಳೆಯುವುದರೊಳಗೆ, 1973ರ ಆಗಸ್ಟ್ 24ರಿಂದ 28ರವರೆಗೆ ನಡೆದ ಹತ್ತನೇ ಮಹಾಧಿವೇಶನದಲ್ಲಿ ಪಕ್ಷದ ಸಂವಿಧಾನ ತಿದ್ದುಪಡಿಯ ವರದಿಯನ್ನು ಓದಿದವನು ಆತನೇ. ಪ್ರವಾಹಕ್ಕೆ ಎದುರಾಗಿ ಈಜುವುದು ಕಮ್ಯುನಿಸ್ಟರ ಧರ್ಮ ಎಂಬ ಅರ್ಥದ ಮಾತನ್ನು ಆ ವರದಿ ಎತ್ತಿಹಿಡಿಯಿತು. ಆದರೆ ಅದನ್ನು ಓದಿದಾತ ಪ್ರವಾಹದ ನೆತ್ತಿಯ ಮೇಲೇ ತೇಲುತ್ತಿದ್ದ. ಅರ್ಧ ಶತಮಾನ ಯುದ್ಧ, ಸೆರೆಮನೆ, ಲಾಂಗ್ ಮಾರ್ಚ್ ಎಲ್ಲ ಕಂಡಿದ್ದ ಮುದುಕರ ಸಾಲಿನಲ್ಲಿ ಕಪ್ಪು ತಲೆಗೂದಲ ಈ ಯುವಕ ಎದ್ದು ಕಾಣುತ್ತಿದ್ದ. ಮೆಟ್ಟಿಲು ಹತ್ತದೆ ಮೇಲೇರಿದವರನ್ನು ಚೀನೀಯರು 'ಹೆಲಿಕಾಪ್ಟರ್ ಏರಿದವರು' ಎಂದು ಲೇವಡಿ ಮಾಡುತ್ತಿದ್ದರು. ಆ ಹೆಸರಿಗೆ ವಾಂಗ್‌ನಷ್ಟು ಅರ್ಹನಾದವನು ಮತ್ತೊಬ್ಬನಿರಲಿಲ್ಲ.

ದನ ಕಾಯುವ ಹುಡುಗನ ಪಾಠ

ಈ ಹೊತ್ತಿನ ಒಂದು ಪ್ರಸಂಗ ಬಹಳ ಸ್ವಾರಸ್ಯಕರವಾದುದು. ಹಳೆಯ ಇತಿಹಾಸ ಗ್ರಂಥಗಳೆಂದರೆ ಮಾವೊಗೆ ಪ್ರಾಣ. ಆತ ವಾಂಗ್‌ಗೆ ಉತ್ತರ ಹಾನ್ ವಂಶದ ಚರಿತ್ರೆಯಲ್ಲಿ ಬರುವ ಲಿಯು ಪೆನ್‌ಜಿಯ ವೃತ್ತಾಂತವನ್ನು ಓದಲು ಹೇಳಿದ.

ಲಿಯು ಪೆನ್‌ಜಿ ಎರಡು ಸಾವಿರ ವರ್ಷಗಳ ಹಿಂದಿನ ಹುಡುಗ. ಕ್ರಿ.ಶ. 25ರಲ್ಲಿ 'ಕೆಂಪು ಹುಬ್ಬಿನವರು' ಎಂಬ ದಂಗೆಕೋರ ರೈತರಿಗೆ ರಾಜವಂಶದ ಹೆಸರಿನ ಚಕ್ರವರ್ತಿಯೊಬ್ಬ ಬೇಕಾಗಿದ್ದ. ವಂಶದ ಮೂವರನ್ನು ಹುಡುಕಿ ತಂದು ಚೀಟಿ ಎತ್ತಿಸಿದರು. ದಂಡಿನಲ್ಲಿ ದನ ಕಾಯುತ್ತಿದ್ದ ಹದಿನೈದರ ಪೆನ್‌ಜಿಗೆ ಪಟ್ಟದ ಚೀಟಿ ಬಂತು. ಬರಿಗಾಲು, ಹರಕು ಬಟ್ಟೆ, ಕೆದರಿದ ತಲೆ. ದಳಪತಿಗಳೆಲ್ಲ ಅಡ್ಡಬಿದ್ದಾಗ ಹುಡುಗ ಹೆದರಿ ಅಳುವಂತಾದನಂತೆ. ಪಟ್ಟವಾದ ಮೇಲೂ ಆತ ದನ ಕಾಯುವ ಹುಡುಗರ ಜೊತೆ ಆಡಲು ಓಡುತ್ತಿದ್ದ. ಎರಡು ವರ್ಷಕ್ಕೆ ದಂಗೆ ಮುರಿದು ಶರಣಾಗಬೇಕಾಯಿತು. ಗೆದ್ದ ಚಕ್ರವರ್ತಿ ಆತನನ್ನು ಕೊಲ್ಲದೆ ಉಳಿಸಿದ.

ಕಲಿಯದಿದ್ದರೆ ನಿನಗೂ ಇದೇ ಗತಿ ಎಂಬುದು ಮಾವೊನ ಎಚ್ಚರಿಕೆ. ಹಳೆಯ ಶೈಲಿಯ ಆ ಗ್ರಂಥ ವಾಂಗ್‌ಗೆ ಸುಲಭಕ್ಕೆ ಅರ್ಥವಾಗಲಿಲ್ಲ, ಬಲ್ಲವರಿಂದ ಹೇಳಿಸಿಕೊಳ್ಳಬೇಕಾಯಿತು. ಆದರೆ ಪಾಠ ಪೂರ್ತಿಯಾಗಿರಲಿಲ್ಲ. ಪೆನ್‌ಜಿ ಕಲಿತಿರಲಿಲ್ಲ ಎಂಬುದು ಕಥೆಯ ಒಂದು ಮುಖ. ಚೀಟಿ ಎತ್ತಿಸಿದವರು ಅವನಿಗೆ ರಾಜ್ಯವಾಳಲು ಬಿಡಲೇ ಇಲ್ಲ ಎಂಬುದು ಇನ್ನೊಂದು ಮುಖ. ಅದನ್ನು ಹೇಳಿಕೊಡುವ ಉದ್ದೇಶ ಮಾವೊಗೆ ಇದ್ದಂತೆ ಕಾಣುವುದಿಲ್ಲ.

ಮಾವೊ ವಾಂಗ್‌ನನ್ನೂ ಡೆಂಗ್ ಶಿಯಾವೊಪಿಂಗ್‌ನನ್ನೂ ಒಟ್ಟಿಗೆ ಕೂರಿಸಿ, ನಾನು ಸತ್ತ ಮೇಲೆ ಏನಾದೀತು ಎಂದು ಕೇಳಿದನೆಂಬ ಕಥೆಯೂ ಇದೆ. ದೇಶವೆಲ್ಲ ನಿಮ್ಮ ದಾರಿಯಲ್ಲೇ ನಡೆದೀತು ಎಂದನಂತೆ ವಾಂಗ್. ಅರಾಜಕತೆಯಾಗಿ ದೇಶ ಹರಿದುಹೋದೀತು ಎಂದನಂತೆ ಡೆಂಗ್. ಈ ಕಥೆ ಎಷ್ಟು ನಿಜವೋ, ಇಬ್ಬರ ಸ್ವಭಾವವನ್ನಂತೂ ಅದು ಚೆನ್ನಾಗಿ ಹಿಡಿದಿದೆ.

ಚಾಂಗ್‌ಶಾ ಪ್ರಯಾಣ

1974ರ ಅಕ್ಟೋಬರ್‌ನಲ್ಲಿ ಪಕ್ಷದ ಉನ್ನತ ಮಂಡಳಿಯಲ್ಲಿ ಒಂದು ಜಗಳ ನಡೆಯಿತು. ಚೀನಾದಲ್ಲೇ ಕಟ್ಟಿದ 'ಫೆಂಗ್‌ಚಿಂಗ್' ಎಂಬ ಹಡಗು ಯೂರೋಪಿಗೆ ಹೋಗಿ ಬಂದಿತ್ತು. ನಾವೇ ಹಡಗು ಕಟ್ಟಬಲ್ಲೆವಾದರೆ ವಿದೇಶದಿಂದ ಕೊಳ್ಳುವುದು ದಾಸ್ಯವಲ್ಲವೇ ಎಂದು ಜಿಯಾಂಗ್ ಚಿಂಗ್ ಡೆಂಗ್‌ನ ಮೇಲೆ ಹರಿಹಾಯ್ದಳು. ಡೆಂಗ್ ಎದ್ದು ಹೊರಟುಹೋದ.

ಮಾರನೆಯ ದಿನ, ಅಕ್ಟೋಬರ್ 18ರಂದು, ವಾಂಗ್ ಗುಟ್ಟಾಗಿ ವಿಮಾನ ಹತ್ತಿ ಚಾಂಗ್‌ಶಾದಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಮಾವೊನ ಬಳಿಗೆ ಹೋದ. ಚೌ ಆಸ್ಪತ್ರೆಯಲ್ಲಿದ್ದುಕೊಂಡೇ ಡೆಂಗ್ ಮುಂತಾದವರ ಜೊತೆ ಸೇರಿ ಏನೋ ನಡೆಸುತ್ತಿದ್ದಾನೆ ಎಂಬ ದೂರು ಒಯ್ದಿದ್ದ. ಮಾವೊ ಕಿವಿಗೊಡಲಿಲ್ಲ. ಜಿಯಾಂಗ್ ಚಿಂಗ್ ಜೊತೆ ಕೂಡಿಕೊಳ್ಳಬೇಡ, ಹೋಗಿ ಚೌ ಹತ್ತಿರ ಮಾತಾಡು ಎಂದು ಗದರಿಸಿ ಕಳುಹಿಸಿದ.

ಎಂಟು ವರ್ಷಗಳ ಹಿಂದೆ ಇದೇ ಮನುಷ್ಯ ಸಾವಿರ ಕಾರ್ಮಿಕರೊಂದಿಗೆ, ಹಗಲು ಬೆಳಕಿನಲ್ಲಿ, ಮಾವೊನ ಬಳಿ ದೂರು ಒಯ್ಯಲು ರೈಲು ಹತ್ತಿದ್ದ. ಈಗ ದೂರು ಒಯ್ದದ್ದು ಒಬ್ಬನೇ, ಗುಟ್ಟಾಗಿ. ಆ ದೂರು ಕಾರ್ಮಿಕರದ್ದೂ ಆಗಿರಲಿಲ್ಲ.

1975ರ ಬೇಸಿಗೆಯಲ್ಲಿ ಆತನನ್ನು ಜೆಜಿಯಾಂಗ್ ಪ್ರಾಂತ ಮತ್ತು ಶಾಂಘೈಗೆ ಕಳುಹಿಸಲಾಯಿತು. ಕೇಂದ್ರದ ದೈನಂದಿನ ಕೆಲಸ ಡೆಂಗ್ ಕೈ ಸೇರಿತು. ಜೆಜಿಯಾಂಗ್‌ನ ಹಾಂಗ್‌ಜೌ ನಗರದಲ್ಲಿ ಬಣ ಜಗಳದಿಂದ ಕಾರ್ಖಾನೆಗಳು ನಿಂತಿದ್ದವು. ಕಾರ್ಮಿಕ ನಾಯಕನೆನಿಸಿದ ವಾಂಗ್‌ನ ಮಾತಿಗೆ ಅಲ್ಲಿ ಬೆಲೆ ಸಿಗಲಿಲ್ಲ. ಕೊನೆಗೆ ಸೈನಿಕರೇ ಕಾರ್ಖಾನೆಗಳೊಳಗೆ ಹೋಗಬೇಕಾಯಿತು.

ಆನೆ ಸತ್ತ ಮೇಲೆ

1976 ಚೀನಾದ ಪಾಲಿಗೆ ಸಾವಿನ ವರ್ಷ. ಜನವರಿಯಲ್ಲಿ ಚೌ ಎನ್‌ಲೈ, ಜುಲೈನಲ್ಲಿ ಜೂ ದೆ. ಅದೇ ತಿಂಗಳು 28ರಂದು ತಾಂಗ್‌ಶಾನ್ ಭೂಕಂಪ. ಚೌ ಜಾಗಕ್ಕೆ ಮಾವೊ ಆರಿಸಿದ್ದು ವಾಂಗ್‌ನನ್ನೂ ಅಲ್ಲ, ಜಾಂಗ್‌ನನ್ನೂ ಅಲ್ಲ. ಹೆಚ್ಚು ಸದ್ದು ಮಾಡದ ಹುವಾ ಗುವೊಫೆಂಗ್‌ನನ್ನು. ಸೆಪ್ಟೆಂಬರ್ 9ರಂದು ಮಾವೊ ತೀರಿಕೊಂಡ.

ಅಕ್ಟೋಬರ್ 6ರ ರಾತ್ರಿ ಮಾವೊನ ಕೃತಿಗಳ ಐದನೇ ಸಂಪುಟದ ಬಗ್ಗೆ ಚರ್ಚೆಯಿದೆ ಎಂದು ಬೀಜಿಂಗ್‌ನ ಹುವಾಯಿರೆನ್ ಸಭಾಂಗಣಕ್ಕೆ ವಾಂಗ್‌ಗೂ ಜಾಂಗ್‌ಗೂ ಕರೆ ಹೋಯಿತು. ಒಳಗೆ ಕಾದಿದ್ದವರು ಹುವಾ, ಹಿರಿಯ ಸೇನಾನಿ ಯೆ ಜಿಯಾನ್‌ಯಿಂಗ್ ಮತ್ತು ಅಂಗರಕ್ಷಕ ಪಡೆಯ ಯೋಧರು. ಜಾಂಗ್ ತೆಪ್ಪಗೆ ಶರಣಾದ. ವಾಂಗ್ ಮಾತ್ರ ಕೊಸರಾಡಿದನೆಂದೂ ಯೋಧರು ಹಿಡಿದು ಕೆಡವಿದರೆಂದೂ ಹೇಳಲಾಗಿದೆ. ಅದೇ ರಾತ್ರಿ ಯಾವೊ ಮತ್ತು ಜಿಯಾಂಗ್ ಚಿಂಗ್ ಕೂಡ ಸೆರೆಯಾದರು.

ಶಾಂಘೈನಲ್ಲಿ ವಾಂಗ್ ಬಹಳ ಆಸ್ಥೆಯಿಂದ ಕಟ್ಟಿದ್ದ ಸಶಸ್ತ್ರ ಕಾರ್ಮಿಕ ಪಡೆಯಿತ್ತು. ಸುದ್ದಿ ತಿಳಿದ ಬೆಂಬಲಿಗರು ಬಂಡಾಯಕ್ಕೆ ಸಿದ್ಧತೆ ನಡೆಸಿದರು. ಮುಂದೆ ಸಲ್ಲಿಸಿದ ದೋಷಾರೋಪ ಪಟ್ಟಿಯ ಪ್ರಕಾರ 33,500 ಮಂದಿಯನ್ನು ಸಜ್ಜುಗೊಳಿಸಲಾಗಿತ್ತು. ಆದರೆ ವಾರ ಕಳೆಯುವುದರೊಳಗೆ ಎಲ್ಲ ಕರಗಿತು. ಜನರೇ ಬೀದಿಗೆ ಬಂದು ಪಟಾಕಿ ಹೊಡೆದರು. ಅದು ಏಡಿಯ ಕಾಲ. ಮೂರು ಗಂಡು, ಒಂದು ಹೆಣ್ಣು ಏಡಿಗಳನ್ನು ಒಟ್ಟಿಗೆ ಕಟ್ಟಿಸಿಕೊಂಡು ಹೋಗಿ ಬೇಯಿಸಿ ತಿಂದು ಜನ ಸಂಭ್ರಮಿಸಿದರು. ಅಡ್ಡಾದಿಡ್ಡಿ ನಡೆದವರಿಗೆ ಅದು ಚೀನೀಯರು ಕೊಟ್ಟ ಅನ್ವರ್ಥ.

ವಿಚಾರಣೆ 1980ರ ನವೆಂಬರ್ 20ರಂದು ಆರಂಭವಾಯಿತು. ಏಳು ಲಕ್ಷಕ್ಕೂ ಹೆಚ್ಚು ಜನರ ಮೇಲೆ ದೌರ್ಜನ್ಯ, 34 ಸಾವಿರಕ್ಕೂ ಹೆಚ್ಚು ಸಾವುಗಳು ಆರೋಪಪಟ್ಟಿಯಲ್ಲಿದ್ದವು. ಕಟಕಟೆಯಲ್ಲಿ ಜಿಯಾಂಗ್ ಚಿಂಗ್ ಕೂಗಾಡಿದಳು. ಜಾಂಗ್ ಬಾಯಿ ಬಿಡಲಿಲ್ಲ. ವಾಂಗ್ ತಪ್ಪೊಪ್ಪಿಕೊಂಡು ಚಾಂಗ್‌ಶಾ ಪ್ರಯಾಣದ ವಿವರಗಳನ್ನೆಲ್ಲ ಹೇಳಿದ. 1981ರ ಜನವರಿ 25ರಂದು ಜೀವಾವಧಿ ಶಿಕ್ಷೆಯಾಯಿತು. 1992ರ ಆಗಸ್ಟ್ 3ರಂದು ಯಕೃತ್ತಿನ ಕಾಯಿಲೆಯಿಂದ ಸತ್ತಾಗ ಆತನಿಗೆ 56 ವರ್ಷ.

ಉಳಿದ ಪ್ರಶ್ನೆ

ಅದೇ ಕಾಲದಲ್ಲಿ ಮೇಲೆ ಬಂದ ಇನ್ನೊಬ್ಬ ಗಿರಣಿ ಕಾರ್ಮಿಕಳಿದ್ದಳು. ಶಿಯಾನ್‌ಯಾಂಗ್‌ನ ಹತ್ತಿಗಿರಣಿಯ ವೂ ಗುಯಿಶಿಯಾನ್ 1975ರಲ್ಲಿ ಉಪಪ್ರಧಾನಿಯಾದಳು. ಯಾವ ಕೂಟಕ್ಕೂ ಸೇರಲಿಲ್ಲ. 1977ರಲ್ಲಿ ಹುದ್ದೆ ಬಿಟ್ಟು ತನ್ನ ಗಿರಣಿಗೇ ಹಿಂತಿರುಗಿದಳು. ವಾಂಗ್‌ಗೆ ಆ ದಾರಿ ಎಂದೋ ಮುಚ್ಚಿತ್ತು. ಆದರೆ ಆಕೆಯನ್ನೂ ಕಾರ್ಮಿಕರು ಆರಿಸಿರಲಿಲ್ಲ. ಹುದ್ದೆ ಬಿಟ್ಟಾಗ ಅವರನ್ನು ಯಾರೂ ಕೇಳಲೂ ಇಲ್ಲ. ಒಬ್ಬರು ಸೆರೆಮನೆಗೆ, ಒಬ್ಬರು ಗಿರಣಿಗೆ ಹೋದರೂ ಇಬ್ಬರ ಕೊರಳಿಗೂ ಮಾಲೆ ಬಿದ್ದದ್ದು ಒಂದೇ ಸೊಂಡಿಲಿನಿಂದ.

1975ರ ಚೀನೀ ಸಂವಿಧಾನದಲ್ಲಿ ಮಾವೊನ ಸಲಹೆಯಂತೆ ಮುಷ್ಕರದ ಹಕ್ಕು ಸೇರಿತ್ತು. 1982ರ ಸಂವಿಧಾನದಲ್ಲಿ ಅದನ್ನು ಕೈಬಿಡಲಾಯಿತು. ನಾಲ್ವರ ಕೂಟದ ಕಾಲದ ಅರಾಜಕತೆಯನ್ನು ತೊಳೆಯುವ ಭರದಲ್ಲಿ, ಕಾರ್ಮಿಕರು ತಾವಾಗಿ ಕೂಡಿ ಮಾತಾಡುವ ಅವಕಾಶವೂ ತೊಳೆದುಹೋಯಿತು. ವಾಂಗ್ ಮಾಡಿದ ದೊಡ್ಡ ಹಾನಿಗಳಲ್ಲಿ ಬಹುಶಃ ಇದೂ ಒಂದು. ಕಾರ್ಮಿಕರ ಬಾಯಿ ಮುಚ್ಚಿಸಲು ಬಯಸುವವರಿಗೆ ಆತನ ಹೆಸರು ಒಳ್ಳೆಯ ನೆಪವಾಗಿ ಒದಗಿತು.

ಯಾಂಗ್‌ಶುಪು ರಸ್ತೆಯ 17ನೇ ಗಿರಣಿಯಲ್ಲಿ ಇಂದು ಮಗ್ಗಗಳಿಲ್ಲ. ಹಳೆಯ ಇಟ್ಟಿಗೆ ಕಟ್ಟಡಗಳು ಫ್ಯಾಷನ್ ಕೇಂದ್ರವಾಗಿ, ಅಂಗಡಿ ಸಾಲುಗಳಾಗಿ ಮಾರ್ಪಟ್ಟಿವೆ. ಅಲ್ಲಿನ ಗೋಡೆಯ ಮೇಲೆ ಭಿತ್ತಿಪತ್ರ ಅಂಟಿಸಿದವನನ್ನು ಚೀನಾ ಒಬ್ಬ ಖಳನಾಯಕನಾಗಿ ನೆನೆಯುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಆಂಟಿಂಗ್‌ನ ಚಳಿಯಲ್ಲಿ ಹಳಿಯ ಮೇಲೆ ಕುಳಿತ ಉಳಿದ ಸಾವಿರ ಜನ ಕೇಳಲು ಹೊರಟಿದ್ದುದು ಪಟ್ಟವನ್ನಲ್ಲ; ತಮ್ಮ ಸಂಘಕ್ಕೊಂದು ಮಾನ್ಯತೆಯನ್ನು. ಅವರಲ್ಲೊಬ್ಬನನ್ನು ಆನೆಯ ಮೇಲೆ ಕೂರಿಸಿ ಮೆರೆಸಿದ್ದಾಯಿತು, ಕೆಳಗೆ ಕೆಡವಿದ್ದೂ ಆಯಿತು. ಅವರು ಕೇಳಿದ್ದು ಮಾತ್ರ ಇಂದಿಗೂ ಅವರಿಗೆ ಸಿಕ್ಕಿಲ್ಲ.